ಆಡಿ ಬಂದವರು ಆಡಿಸಬೇಕು

ಅಮೇರಿಕದ ಬ್ಯಾಸ್ಕೆಟ್‌ಬಾಲ್ ಲೋಕದ ಹಿರಿಯರಾದ ಲೆನ್ನಿ ವಿಲ್ಕೆನ್ಸರು 2025ನೆಯ ನವೆಂಬರ್ 9ರಂದು ತಮ್ಮ 88ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ವಾಚಕರಲ್ಲಿ ಬಹುಮಂದಿ ಈ ಹೆಸರನ್ನು ಕೇಳಿರಲಾರರು. ಸೌಟು ಹಿಡಿದವರಿಗೂ ಕಡತ ಹಿಡಿದವರಿಗೂ ದೂರದೇಶದ ಚೆಂಡಾಟದ ಗೊಡವೆ ಏಕೆಂದು ಕೆಲವರು ಕೇಳಲೂಬಹುದು. ಆದರೆ ಈ ಮನುಷ್ಯನ ಬಾಳಿನ ದಾರಿಯನ್ನು ನೋಡಿದಾಗ, ಕಿದ್ವಾಯಿ ನಗರದಲ್ಲಿಯೂ ಅದರ ಸುತ್ತಮುತ್ತಲೂ ಬದುಕುತ್ತಿರುವ ನಮ್ಮ ಕನ್ನಡಿಗರು ಆಲೋಚಿಸಬೇಕಾದ ಒಂದು ವಿಷಯ ಅದರಲ್ಲಿದೆ ಎಂದು ನಮಗೆ ತೋರಿತು. ಆದುದರಿಂದಲೇ ಈ ನಾಲ್ಕು ಮಾತು.

ಬ್ಯಾಸ್ಕೆಟ್‌ಬಾಲ್ ನಮಗೆ ತೀರ ಪರಕೀಯವಾದ ಆಟವೇನೂ ಅಲ್ಲ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ವನಿತೆಯರು ಏಷ್ಯಾ ಕಪ್ಪಿನ ಎರಡನೆಯ ವಿಭಾಗದ ಅಂತಿಮ ಪಂದ್ಯವನ್ನು ಕಜಾಕಸ್ತಾನದ ವಿರುದ್ಧ ಕೇವಲ ಎರಡು ಅಂಕಗಳಿಂದ ಗೆದ್ದ ಸಂಗತಿ ಅನೇಕರಿಗೆ ನೆನಪಿರಬಹುದು. ಒಂದೊಂದು ಕಡೆಗೆ ಐದೈದು ಜನ. ಹತ್ತು ಅಡಿ ಎತ್ತರದಲ್ಲೊಂದು ಬಳೆ. ಚೆಂಡು ಕೈಗೆ ಬಂದ ಮೇಲೆ ಇಪ್ಪತ್ತನಾಲ್ಕು ಸೆಕೆಂಡುಗಳೊಳಗೆ ಅದನ್ನು ಬಳೆಯತ್ತ ಎಸೆಯಬೇಕು. ಈ ಐವರಲ್ಲಿ ಪಾಯಿಂಟ್ ಗಾರ್ಡ್ ಎಂಬವನೊಬ್ಬನು ಇರುತ್ತಾನೆ. ಸಾಮಾನ್ಯವಾಗಿ ತಂಡದಲ್ಲಿ ಅವನೇ ಕುಳ್ಳ. ಚೆಂಡನ್ನು ಮುಂದಕ್ಕೆ ತರುವವನು ಅವನು. ಯಾರು ಎಲ್ಲಿ ನಿಂತಿದ್ದಾರೆ, ಯಾರಿಗೆ ಎದುರಾಳಿಯ ಅಡ್ಡಿಯಿಲ್ಲ, ಯಾರ ಕೈ ಇಂದು ಕುದುರಿದೆ ಎಂಬುದನ್ನು ಕ್ಷಣದಲ್ಲಿ ಗ್ರಹಿಸಿ, ತಕ್ಕವನ ಕೈಗೆ ತಕ್ಕ ಹೊತ್ತಿಗೆ ಚೆಂಡನ್ನು ಮುಟ್ಟಿಸುವುದು ಅವನ ಕೆಲಸ. ಚಪ್ಪಾಳೆ ಬಹುಮಟ್ಟಿಗೆ ಬಳೆಗೆ ಹಾಕಿದವನಿಗೆ ಸಲ್ಲುತ್ತದೆ.

ಹೋಟೆಲಿನ ಬಂಧುಗಳಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಬೆಳಗಿನ ಎಂಟು ಗಂಟೆಯ ಗಿರಾಕಿಯ ನೂಕುನುಗ್ಗಲಿನಲ್ಲಿ, ಯಾವ ಮೇಜಿಗೆ ಏನು ಹೋಗಬೇಕು, ಕಾವಲಿಯ ಮೇಲೆ ಎಷ್ಟು ದೋಸೆ ಇದೆ, ಯಾವ ಗಿರಾಕಿಯ ತಾಳ್ಮೆ ಮುಗಿಯುತ್ತ ಬಂದಿದೆ ಎಂಬುದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಅಡಿಗೆಮನೆಗೂ ಮೇಜಿಗೂ ನಡುವೆ ನಡೆಯುವ ಹಳೆಯ ಸಪ್ಲೈಯರನು ಆಡುವ ಆಟವೂ ಇದೇ. ಕಚೇರಿಯ ಬಂಧುಗಳಿಗಾದರೆ, ಯಾವ ಕಡತ ಯಾರ ಮೇಜಿನ ಮೇಲೆ ಏಕೆ ನಿಂತಿದೆ ಎಂಬುದನ್ನು ಬಲ್ಲ ಹಿರಿಯ ಗುಮಾಸ್ತನನ್ನು ನೆನೆದರೆ ಸಾಕು. ಸಹಿ ಸಾಹೇಬರದು, ದಾರಿ ತೋರಿದವನು ಗುಮಾಸ್ತ.

ವಿಲ್ಕೆನ್ಸರು ಇಂತಹ ಸ್ಥಾನದ ಆಟಗಾರರು. 1937ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಅವರ ಜನನ. ತಂದೆ ಕರಿಯ ಜನಾಂಗದವರು, ತಾಯಿ ಐರಿಶ್ ಮೂಲದ ಬಿಳಿಯರು. ತಂದೆ ಇವರ ಎಳೆತನದಲ್ಲಿಯೇ ತೀರಿಕೊಂಡುದರಿಂದ ಹುಡುಗನು ದಿನಸಿ ಅಂಗಡಿಯ ಕೆಲಸಕ್ಕೆ ನಿಂತು ಮನೆಗೆ ನೆರವಾಗಬೇಕಾಯಿತು. ಶಾಲೆಯ ತಂಡದಲ್ಲಿ ಆಡಿದ್ದು ಅರ್ಧ ಋತು ಮಾತ್ರ. ಪರಿಚಯದ ಪಾದ್ರಿಯೊಬ್ಬರು ಪ್ರಾವಿಡೆನ್ಸ್ ಕಾಲೇಜಿಗೆ ಇವರ ಪರವಾಗಿ ಪತ್ರ ಬರೆದರು. ಆ ಪತ್ರದಿಂದ ಬಾಗಿಲು ತೆರೆಯಿತು. ಅಲ್ಲಿ ಅರ್ಥಶಾಸ್ತ್ರ ಓದಿ, 1960ರಲ್ಲಿ ಸೇಂಟ್ ಲೂಯಿಸ್ ನಗರದ ವೃತ್ತಿಪರ ತಂಡವನ್ನು ಸೇರಿದರು. ಒಂಬತ್ತು ಸಲ ಶ್ರೇಷ್ಠರ ಪಂದ್ಯಕ್ಕೆ ಆಯ್ಕೆಯಾದರು. ಇನ್ನೊಬ್ಬನು ಅಂಕ ಗಳಿಸುವಂತೆ ಚೆಂಡನ್ನು ಒದಗಿಸಿದ ಲೆಕ್ಕದಲ್ಲಿ 1969–70ರ ಋತುವಿನಲ್ಲಿ ದೇಶಕ್ಕೇ ಮೊದಲಿಗರಾದರು. ಆಟ ನಿಲ್ಲಿಸುವ ಹೊತ್ತಿಗೆ ಆ ಲೆಕ್ಕ 7,211ನ್ನು ಮುಟ್ಟಿತ್ತು.

ನಮ್ಮ ಗಮನವನ್ನು ಹೆಚ್ಚಾಗಿ ಸೆಳೆಯುವುದು ಇದೇ 1969ರಲ್ಲಿ ನಡೆದ ಇನ್ನೊಂದು ಸಂಗತಿ. ಸಿಯಾಟಲ್ ನಗರದ ತಂಡವು ತನ್ನ ಆಟಗಾರರಾಗಿದ್ದ ವಿಲ್ಕೆನ್ಸರನ್ನೇ ತರಬೇತುದಾರರನ್ನಾಗಿಯೂ ನೇಮಿಸಿತು. ಅಂದರೆ ಅವರು ಆಡುತ್ತಲೇ ಕಲಿಸಿದರು. ನಿವೃತ್ತಿಯಾಗಲಿ, ಕೈಕಾಲು ಸೋಲಲಿ, ಆಮೇಲೆ ನೋಡೋಣ ಎನ್ನಲಿಲ್ಲ. ಮೂರು ವರ್ಷಗಳ ಬಳಿಕ ಅದೇ ತಂಡ ಅವರನ್ನು ಕ್ಲೀವ್‌ಲೆಂಡ್ ನಗರದ ತಂಡಕ್ಕೆ ದಾಟಿಸಿಬಿಟ್ಟಿತು. 1977ರ ಕೊನೆಯಲ್ಲಿ ಸಿಯಾಟಲ್ ತಂಡ ಮೊದಲ 22 ಪಂದ್ಯಗಳಲ್ಲಿ 17ನ್ನು ಸೋತು ಕಂಗೆಟ್ಟಾಗ ಮತ್ತೆ ಅವರಿಗೇ ಕರೆ ಹೋಯಿತು. ಬಂದರು, ಅದೇ ಋತುವಿನಲ್ಲಿ ತಂಡವನ್ನು ಅಂತಿಮ ಸರಣಿಗೆ ಒಯ್ದರು, ಮರುವರ್ಷ, 1979ರಲ್ಲಿ, ಪ್ರಶಸ್ತಿಯನ್ನೇ ಗೆದ್ದರು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಅಮೇರಿಕದ ತಂಡ ಚಿನ್ನ ಗಳಿಸಿದಾಗ ಮುಖ್ಯ ತರಬೇತುದಾರರು ಅವರೇ. ಆ ಆಟದ ಕೀರ್ತಿಮಂದಿರವು ಅವರನ್ನು 1989ರಲ್ಲಿ ಆಟಗಾರರೆಂದೂ 1998ರಲ್ಲಿ ತರಬೇತುದಾರರೆಂದೂ ಎರಡು ಬಾರಿ ಬರಮಾಡಿಕೊಂಡಿತು.

ತರಬೇತುದಾರರಾಗಿ ಅವರು ಕಂಡ ಗೆಲವುಗಳು 1,332, ಸೋಲುಗಳು 1,155. ಎರಡನೆಯ ಅಂಕಿಯನ್ನು ನಾವು ಬೇಕೆಂದೇ ಬರೆಯುತ್ತಿದ್ದೇವೆ. ಕಲಿಸುವ ಕೆಲಸದಲ್ಲಿ ಸೋಲಿನ ಪಾಲು ಎಷ್ಟೆಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಲೆಕ್ಕ ಬೇಕಿಲ್ಲ. ಇಂದು ಕಲಿಸಿದ್ದು ನಾಳೆಯೇ ಫಲಿಸಬೇಕೆನ್ನುವವರು ಈ ದಾರಿಗೆ ಬಾರದಿರುವುದೇ ಲೇಸು.

ಒಳ್ಳೆಯ ಪಾಯಿಂಟ್ ಗಾರ್ಡಿಗೆ ತರಬೇತುದಾರನ ಕೆಲಸ ಏಕೆ ಒಗ್ಗುತ್ತದೆ? ಹುಟ್ಟು ಪ್ರತಿಭೆಯಿಂದ ಮಿಂಚಿದವನಿಗೆ ತಾನು ಹೇಗೆ ಮಿಂಚಿದೆನೆಂದು ಹೇಳಲು ಅನೇಕ ವೇಳೆ ಬರುವುದಿಲ್ಲ. ತನಗೆ ಸಲೀಸಾಗಿ ಬಂದದ್ದು ಇನ್ನೊಬ್ಬನಿಗೆ ಏಕೆ ಬಾರದೆಂದು ಅವನು ಸಿಡುಕುತ್ತಾನೆ. ವರ್ಷಗಟ್ಟಲೆ ಇತರರ ಬಲಾಬಲವನ್ನು ಗಮನಿಸಿಕೊಂಡೇ ಆಡಿದವನಿಗಾದರೋ ಆ ಗಮನವೇ ಬಂಡವಾಳ. ಒಬ್ಬನಿಗೆ ಎಡಗೈ ಸೋಲು, ಇನ್ನೊಬ್ಬನಿಗೆ ಧೈರ್ಯ ಸಾಲದು ಎಂಬುದು ಅವನಿಗೆ ಮೊದಲೇ ತಿಳಿದಿರುತ್ತದೆ.

ಆಟ ಬೇರೆಯಾದರೂ ನಮ್ಮವರಲ್ಲೇ ಇದಕ್ಕೊಂದು ದೊಡ್ಡ ನಿದರ್ಶನವಿದೆ. ಬೆಂಗಳೂರಿನಲ್ಲಿ ಬೆಳೆದ ಶ್ರೀ ರಾಹುಲ್ ದ್ರಾವಿಡರು 164 ಟೆಸ್ಟ್ ಪಂದ್ಯಗಳಲ್ಲಿ 13,288 ಓಟಗಳನ್ನು ಗಳಿಸಿದವರು. ಆದರೂ 2003ರ ವಿಶ್ವ ಕಪ್ಪಿನಲ್ಲಿ ತಂಡಕ್ಕೆ ಇನ್ನೊಬ್ಬ ಬ್ಯಾಟುಗಾರನಿಗೆ ಎಡೆಯಾಗಲೆಂದು ವಿಕೆಟ್ ಹಿಂದೆ ಕೈಚೀಲ ತೊಟ್ಟು ನಿಂತರು. ತಂಡ ಅಂತಿಮ ಪಂದ್ಯದವರೆಗೂ ಹೋಯಿತು. 2007ರಲ್ಲಿ ಅವರದೇ ನಾಯಕತ್ವದ ತಂಡ ವೆಸ್ಟ್ ಇಂಡೀಸಿನ ವಿಶ್ವ ಕಪ್ಪಿನಲ್ಲಿ ಮೊದಲ ಸುತ್ತಿನಲ್ಲಿಯೇ ಹೊರಬಿತ್ತು. 2012ರಲ್ಲಿ ನಿವೃತ್ತರಾದ ಮೇಲೆ ಅವರು ಕೈಗೆತ್ತಿಕೊಂಡ ಕೆಲಸಗಳಲ್ಲಿ ಮುಖ್ಯವಾದುದು ಹತ್ತೊಂಬತ್ತರೊಳಗಿನ ಹುಡುಗರ ತರಬೇತು. 2016ರ ಕಿರಿಯರ ವಿಶ್ವ ಕಪ್ಪಿನ ಅಂತಿಮ ಪಂದ್ಯದಲ್ಲಿ ಆ ಹುಡುಗರು ಸೋತರು; 2018ರಲ್ಲಿ ಗೆದ್ದರು. ಮುಂದೆ 2024ರ ಜೂನ್ 29ರಂದು, ಹಿಂದೆ ಸೋತು ಬಂದಿದ್ದ ಆ ವೆಸ್ಟ್ ಇಂಡೀಸಿನಲ್ಲಿಯೇ, ಬಾರ್ಬಡೋಸಿನಲ್ಲಿ, ಹಿರಿಯರ ತಂಡ ಇಪ್ಪತ್ತು ಓವರುಗಳ ವಿಶ್ವ ಕಪ್ಪನ್ನು ಗೆದ್ದಾಗ ತರಬೇತುದಾರರು ದ್ರಾವಿಡರೇ.

2018ರ ಗೆಲವಿನ ಬಳಿಕ ಕ್ರಿಕೆಟ್ ಮಂಡಳಿಯು ದ್ರಾವಿಡರಿಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿಗಳ ಬಹುಮಾನವನ್ನು ಘೋಷಿಸಿತು. ಹುಡುಗರ ಮೈಕೈ ನೋಡಿಕೊಂಡವರು, ಬೆಳಗಿನಿಂದ ಚೆಂಡು ಎಸೆದು ಅಭ್ಯಾಸ ಮಾಡಿಸಿದವರು, ಇವರಿಗೂ ತನಗೂ ಈ ಅಂತರ ಸಲ್ಲದೆಂದು ದ್ರಾವಿಡರು ಆಕ್ಷೇಪಿಸಿದರು. ಕೊನೆಗೆ ಅವರಿಗೂ ಸಿಬ್ಬಂದಿಯ ಪ್ರತಿಯೊಬ್ಬರಿಗೂ ಸಮನಾಗಿ 25 ಲಕ್ಷ ಎಂದಾಯಿತು. ತನ್ನ ಪಾಲಿನ ಅರ್ಧವನ್ನು ಬಿಟ್ಟುಕೊಟ್ಟು ತನ್ನವರ ಪಾಲನ್ನು ಹೆಚ್ಚಿಸಿದ ಈ ನಡತೆ ಯಾವ ಶತಕಕ್ಕೂ ಕಡಿಮೆಯದಲ್ಲವೆಂಬುದು ನಮ್ಮ ಅಭಿಮತ.

ಇನ್ನು ನಮ್ಮ ಮನೆಯ ವಿಚಾರಕ್ಕೆ ಬರೋಣ. ದಿಲ್ಲಿಯಲ್ಲಿ ಕನ್ನಡಿಗರು ನೆಲೆಯೂರಿದ್ದು ಮುಖ್ಯವಾಗಿ ಎರಡು ವೃತ್ತಿಗಳ ಬಲದಿಂದ: ಕೇಂದ್ರ ಸರಕಾರದ ಕಚೇರಿ ಮತ್ತು ಉಡುಪಿ ಹೋಟೆಲು. ರಫಿ ಅಹಮದ್ ಕಿದ್ವಾಯಿಯವರ ಹೆಸರಿನ ಈ ಬಡಾವಣೆ ಮೊದಲಿನಿಂದಲೂ ಸರಕಾರಿ ನೌಕರರದು. ಪೂರ್ವ ಕಿದ್ವಾಯಿ ನಗರದ ಹಳೆಯ ಕ್ವಾರ್ಟರ್ಸುಗಳನ್ನು ಕೆಡವಿ ಬಹುಮಹಡಿಯ ಮನೆಗಳನ್ನು ಕಟ್ಟಿದ್ದನ್ನು ನಾವೆಲ್ಲ ಕಂಡಿದ್ದೇವೆ. ಕಟ್ಟಡಗಳು ಹೋದಂತೆ ಅನುಭವಸ್ಥರೂ ಹೋಗುತ್ತಾರೆ. ಮೂವತ್ತು ವರ್ಷ ಸಾಂಬಾರಿನ ಹದವನ್ನೂ ಹಿಟ್ಟಿನ ಹುಳಿಯನ್ನೂ ದಿಲ್ಲಿಯ ಚಳಿ-ಸೆಕೆಗಳಿಗೆ ಹೊಂದಿಸಿಕೊಂಡ ಭಟ್ಟರು ಒಂದು ದಿನ ನಿಜಾಮುದ್ದೀನಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತುತ್ತಾರೆ. ಹದವೂ ಅವರೊಡನೆ ಹೊರಟುಹೋಗುತ್ತದೆ. ಅರ್ಜಿ ಬರೆಯುವುದರಿಂದ ಇಲಾಖಾ ಪರೀಕ್ಷೆಯವರೆಗೆ ಎಲ್ಲವನ್ನೂ ಅರಿದು ಕುಡಿದ ಗುಮಾಸ್ತರು ನಿವೃತ್ತರಾಗಿ ಮನೆ ಖಾಲಿ ಮಾಡುತ್ತಾರೆ. ಆ ವಿದ್ಯೆಯೂ ಅಲ್ಲಿಗೆ ಮುಗಿಯುತ್ತದೆ. ಇತ್ತ ಊರಿನಿಂದ ಹೊಸದಾಗಿ ಬಂದ ಹುಡುಗನು ಲೋಟ ತೊಳೆಯುತ್ತ ತಾನೇ ನೋಡಿ ನೋಡಿ ಕಲಿಯಬೇಕು. ಭವಿಷ್ಯನಿಧಿಯ ಖಾತೆ ಎಂದರೇನೆಂದು ಕೇಳುವುದಕ್ಕೂ ಅವನಿಗೆ ಆಳಿಲ್ಲ.

ಕಲಿಸಿದರೆ ನಾಳೆ ನನ್ನ ಜಾಗಕ್ಕೆ ಅವನೇ ಬಂದಾನು ಎಂಬ ಅಂಜಿಕೆ ಭಟ್ಟರಿಗಿದೆ. ಕಲಿತವನು ಎದುರು ಬೀದಿಯ ಹೋಟೆಲಿಗೆ ಹೋದಾನು ಎಂಬ ಅಂಜಿಕೆ ಮಾಲಿಕರಿಗಿದೆ. ಇವೆರಡನ್ನೂ ನಾವು ಹಗುರಾಗಿ ತಳ್ಳಿಹಾಕುವವರಲ್ಲ. ಭಟ್ಟರ ಅಂಜಿಕೆಗೆ ಔಷಧ ಮಾಲಿಕರ ಕೈಯಲ್ಲಿದೆ: ಕಲಿಸುವವನ ಕೆಲಸಕ್ಕೆ ಭದ್ರತೆಯನ್ನೂ, ಕಲಿಸಿದ್ದಕ್ಕೆ ಪ್ರತ್ಯೇಕ ಸಂಬಳವನ್ನೂ ಕೊಟ್ಟರೆ ಅದು ಕರಗುತ್ತದೆ. ಮಾಲಿಕರ ಅಂಜಿಕೆಯಲ್ಲಿಯೂ ಒಂದಂಶ ನಿಜ; ಕಲಿತವರಲ್ಲಿ ಕೆಲವರು ಹೋಗಿಯೇ ಹೋಗುವರು. ಆದರೆ ಕಲಿಯದವರು ಉಳಿದುಕೊಂಡ ಹೋಟೆಲಿನ ಗತಿ ಏನೆಂಬುದನ್ನೂ ಅವರು ಯೋಚಿಸಬೇಕಲ್ಲವೆ?

ವಿದ್ಯೆ ಬೇಕಾದವನು ತಾನೇ ಹೊತ್ತು ಮಾಡಿಕೊಳ್ಳಲಿ ಎನ್ನುವವರೂ ಇದ್ದಾರೆ. ಮುಂಬಯಿಯಲ್ಲಿ ನಮ್ಮ ಹೋಟೆಲು ಹುಡುಗರು ಹಗಲೆಲ್ಲ ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ಬಂದ ಇತಿಹಾಸವನ್ನು ಅವರು ಉದಾಹರಿಸುತ್ತಾರೆ. ಅದು ಹೆಮ್ಮೆಯ ಇತಿಹಾಸವೇ ಸರಿ. ಆದರೆ ಅಲ್ಲಿ ಶಾಲೆ ಕಟ್ಟಿದ ಹಿರಿಯರಿದ್ದರು, ದುಡಿದು ಬಂದು ಪಾಠ ಹೇಳಿದ ಮಾಸ್ತರರಿದ್ದರು ಎಂಬುದನ್ನು ಮರೆತು ಹುಡುಗನ ನಿದ್ದೆಯೊಂದನ್ನೇ ಬಂಡವಾಳವೆಂದು ಎಣಿಸುವುದು ನ್ಯಾಯವಲ್ಲ. ದಿಲ್ಲಿಯ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನೂ ವಾರದ ರಜೆಯನ್ನೂ ವಿಧಿಸಿದ್ದು 1954ರಲ್ಲಿ. ಕಾಗದದ ಮೇಲಿನ ಆ ಮಿತಿ ಅಡಿಗೆಮನೆಯೊಳಗೂ ಬಂದರೆ ಕಲಿಕೆಗೆ ಹೊತ್ತು ತಾನಾಗಿಯೇ ದೊರೆಯುತ್ತದೆ.

ನಮ್ಮ ಸೂಚನೆ ಸರಳವಾದುದು. ಭಾನುವಾರ ಕಚೇರಿಗೆ ರಜೆ; ಹೋಟೆಲಿಗೆ ಅದೇ ದೊಡ್ಡ ವ್ಯಾಪಾರದ ದಿನ. ಆದುದರಿಂದ ಭಾನುವಾರದ ವರ್ಗಗಳಿಂದ ಹೋಟೆಲು ಹುಡುಗರಿಗೆ ಪ್ರಯೋಜನವಿಲ್ಲ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಆರಂಭವಾಗುವುದರೊಳಗೆ, ಮೂರರಿಂದ ನಾಲ್ಕೂವರೆಯವರೆಗೆ, ಅವರಿಗೆ ತುಸು ಬಿಡುವು. ಆ ಹೊತ್ತಿಗೆ ನೌಕರಿಯಲ್ಲಿರುವ ಗುಮಾಸ್ತರು ಕಚೇರಿಯಲ್ಲಿರುತ್ತಾರೆ, ನಿವೃತ್ತರಾದವರು ಬಿಡುವಾಗಿರುತ್ತಾರೆ. ಐ.ಎನ್.ಎ. ಮೆಟ್ರೋ ನಿಲ್ದಾಣಕ್ಕೆ ಯಾವ ದಿಕ್ಕಿನಿಂದ ಬರುವುದೂ ಕಷ್ಟವಲ್ಲ. ವಾರಕ್ಕೆರಡು ದಿನ, ಇಬ್ಬರು ಹಿರಿಯರು ಸಾಕು. ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ, ಹಿಂದಿಯಲ್ಲೊಂದು ಅರ್ಜಿ, ಬ್ಯಾಂಕಿನ ವ್ಯವಹಾರ, ಹೋಟೆಲಿನ ಲೆಕ್ಕಪತ್ರ, ಇಷ್ಟನ್ನು ಕಲಿಸಲಿ. ಇನ್ನು ಕಾವಲಿಯ ಮುಂದೆ ಭಟ್ಟರು ಕಲಿಸುವ ಒಂದು ಗಂಟೆಯನ್ನು ಮಾಲಿಕರು ದುಡಿಮೆಯ ಗಂಟೆಯೆಂದೇ ಲೆಕ್ಕಕ್ಕೆ ಹಿಡಿಯಲಿ. ಸ್ಥಳದ ವಿಷಯವಾಗಿ ಲೋದಿ ಎಸ್ಟೇಟಿನ ದಿಲ್ಲಿ ಕನ್ನಡ ಶಾಲೆಯವರನ್ನೂ, 1948ರಿಂದ ನಡೆದುಬಂದಿರುವ ದಿಲ್ಲಿ ಕರ್ನಾಟಕ ಸಂಘದವರನ್ನೂ ಕೇಳಿ ನೋಡಬಹುದು. ಅಲ್ಲಿಯವರೆಗೆ ಮುಚ್ಚಿದ ಹೋಟೆಲಿನ ಎರಡು ಮೇಜುಗಳಾದರೂ ಸಾಲವೆ?

ಕಿದ್ವಾಯಿ ನಗರದ ಬಳಿ, 2010ರ ಕಾಮನ್‌ವೆಲ್ತ್ ಕ್ರೀಡೆಗಳಿಗಾಗಿ ಕಟ್ಟಿದ ತ್ಯಾಗರಾಜ ಕ್ರೀಡಾಂಗಣವಿದೆ. ಬ್ಯಾಸ್ಕೆಟ್‌ಬಾಲಿನ ಸೋದರಿಯೆನ್ನಬಹುದಾದ ನೆಟ್‌ಬಾಲ್ ಆಟ ಅಂದು ಅಲ್ಲಿ ನಡೆಯಿತು. ನೆಟ್‌ಬಾಲಿನಲ್ಲಿ ಚೆಂಡು ಹಿಡಿದವಳು ಓಡುವಂತಿಲ್ಲ, ಮೂರು ಸೆಕೆಂಡುಗಳೊಳಗೆ ಅದನ್ನು ಇನ್ನೊಬ್ಬರಿಗೆ ದಾಟಿಸಲೇಬೇಕು. ತಡೆದಿಟ್ಟುಕೊಂಡರೆ ಚೆಂಡು ಎದುರು ಪಕ್ಷದ ಪಾಲು. ನಮ್ಮ ಹಿರಿಯರಿಗೆ ಇಂತಹ ನಿಯಮವನ್ನು ವಿಧಿಸುವವರು ಯಾರೂ ಇಲ್ಲ. ಅವರಿಗಿರುವ ಅವಧಿಯೂ ಮೂರು ಸೆಕೆಂಡುಗಳದಲ್ಲ, ಮೂವತ್ತು ವರ್ಷಗಳದು. ಆ ಅವಧಿ ತೀರುವ ಮುನ್ನ ಅವರು ಮನಸ್ಸು ಮಾಡಲಿ. ಮಾಲಿಕರು ಆ ಒಂದು ಗಂಟೆಯನ್ನು ಬಿಟ್ಟುಕೊಡಲಿ. ನಮ್ಮ ಹುಡುಗರು ನಾಚಿಕೆ ತೊರೆದು ಕೇಳಲಿ.