ವಂಶವೃಕ್ಷದಲ್ಲಿ ಬರೆಯದ ಕೊಂಬೆ

ಹಳೆಯ ಮನೆಗಳಲ್ಲಿ ಜೋಪಾನವಾಗಿಟ್ಟಿರುವ ವಂಶವೃಕ್ಷಗಳನ್ನು ಬಿಡಿಸಿ ನೋಡಿದವರಿಗೆ ಒಂದು ಸಂಗತಿ ಕಾಣದಿರದು. ಮೂಲಪುರುಷನಿಂದ ತೊಡಗಿ ಮಗ, ಮೊಮ್ಮಗ, ಮರಿಮಗ ಎಂದು ಕೊಂಬೆಗಳು ಹರಡಿರುತ್ತವೆ. ಹೆಣ್ಣುಮಕ್ಕಳನ್ನು ಯಾವ ಊರಿಗೆ ಕೊಟ್ಟರು, ಅವರ ಸಂತಾನ ಏನಾಯಿತು ಎಂಬುದು ಅಲ್ಲಿರುವುದಿಲ್ಲ. ಕಾಸರಗೋಡಿನ ಅಳಿಯಸಂತಾನದ ಕುಟುಂಬಗಳು ಇದಕ್ಕೆ ಹೊರತು. ಅವರದು ತಾಯಿಯ ಕಡೆಯ ಲೆಕ್ಕ. ಈ ತಿಂಗಳು ಹೇಳಹೊರಟಿರುವ ಕಾಯಿಲೆಯ ಜಾಡು ಹಿಡಿಯಲು ಆ ಲೆಕ್ಕವೇ ಬೇಕು.

ಆಲ್ಪೋರ್ಟ್ ಸಿಂಡ್ರೋಮ್ ಎಂದು ಅದರ ಹೆಸರು. ಒಂದು ಆಂಗ್ಲ ಕುಟುಂಬದವರ ಮೂತ್ರದಲ್ಲಿ ರಕ್ತ ಹೋಗುವುದನ್ನು ಗಥ್ರಿ ಎಂಬ ವೈದ್ಯರು 1902ರಲ್ಲಿಯೇ ವರದಿ ಮಾಡಿದ್ದರು. ಅದೇ ಕುಟುಂಬವನ್ನು ಮತ್ತೆ ಪರಿಶೀಲಿಸಿದ ಸೆಸಿಲ್ ಆಲ್ಪೋರ್ಟರು 1927ರಲ್ಲಿ ಇನ್ನೂ ಮುಂದಕ್ಕೆ ಕಂಡರು. ರಕ್ತ ಹೋಗುವವರಿಗೆ ಕಿವಿಯೂ ಮಂದವಾಗುತ್ತದೆ. ಗಂಡಸರು ಎಳವೆಯಲ್ಲಿಯೇ ತೀರಿಕೊಳ್ಳುತ್ತಾರೆ. ಹೆಂಗಸರು ಬಹುಮಟ್ಟಿಗೆ ಮುಪ್ಪಿನವರೆಗೂ ಬಾಳುತ್ತಾರೆ.

ಮೂತ್ರಪಿಂಡ, ಕಿವಿ, ಕಣ್ಣು ಇವುಗಳಿಗೆ ಎಲ್ಲಿಯ ನಂಟು ಎಂದು ಕೇಳಬಹುದು. ರಕ್ತವನ್ನು ಸೋಸುವ ಜರಡಿಯಂಥ ಪೊರೆಯೊಂದು ಮೂತ್ರಪಿಂಡದಲ್ಲಿದೆ. ಅದನ್ನು ನೇಯ್ದಿರುವುದು ಕೊಲಾಜನ್ ಎಂಬ ಸಸಾರಜನಕದ ನಾಲ್ಕನೆಯ ಬಗೆ. ಅದೇ ನೂಲು ಒಳಗಿವಿಯಲ್ಲಿಯೂ ಕಣ್ಣಿನ ಮಸೂರದ ಹೊದಿಕೆಯಲ್ಲಿಯೂ ಇದೆ. ನೂಲು ಹುಟ್ಟಿನಿಂದಲೇ ದುರ್ಬಲವಾಗಿದ್ದರೆ ಮೂರೆಡೆಯೂ ನೇಯ್ಗೆ ಸಡಿಲುತ್ತದೆ. ಮಸೂರ ಮುಂದಕ್ಕೆ ಉಬ್ಬಿ ಕನ್ನಡಕದ ನಂಬರು ಪದೇ ಪದೇ ಬದಲಾಗುವುದು ಹೀಗೆ.

ಮೊದಲ ಸೂಚನೆ ಮೂತ್ರದ ರಕ್ತ. ಅದು ಬಹುತೇಕ ಬರಿಗಣ್ಣಿಗೆ ಕಾಣದು. ಮಗುವಿಗೆ ನೆಗಡಿ-ಜ್ವರ ಬಂದಾಗ ಮಾತ್ರ ಮೂತ್ರ ಚಹದ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಬಹುದು. ನಾವು ಉಷ್ಣವಾಗಿದೆಯೆಂದು ಎಳನೀರು ಕುಡಿಸುತ್ತೇವೆ, ಎರಡು ದಿನದಲ್ಲಿ ಬಣ್ಣ ತಿಳಿಯಾಗುತ್ತದೆ, ಎಳನೀರಿಗೆ ಕೀರ್ತಿ ಬರುತ್ತದೆ! ಕಿವಿಯ ಮಾತು ಇನ್ನೂ ಸೂಕ್ಷ್ಮ. ಹುಟ್ಟುವಾಗ ಚೆನ್ನಾಗಿದ್ದ ಶ್ರವಣಶಕ್ತಿ ಹತ್ತು-ಹನ್ನೆರಡರ ವಯಸ್ಸಿನ ಹೊತ್ತಿಗೆ ಎತ್ತರದ ದನಿಗಳನ್ನು ಕಳೆದುಕೊಳ್ಳತೊಡಗುತ್ತದೆ. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಮಲಯಾಳವನ್ನೋ ತಮಿಳನ್ನೋ ಮರಾಠಿಯನ್ನೋ ಕೇಳುವ ನಮ್ಮ ಮಗು ಪಾಠದಲ್ಲಿ ತಡವರಿಸಿದರೆ, ಭಾಷೆ ತಿಳಿಯದೆಂದು ಮೇಷ್ಟರು ತಿಳಿಯುತ್ತಾರೆ, ನಾವೂ ಒಪ್ಪಿಕೊಳ್ಳುತ್ತೇವೆ. ಕಿವಿಯನ್ನು ಪರೀಕ್ಷಿಸಬೇಕೆಂದು ಯಾರಿಗೂ ತೋಚದು.

ಇನ್ನು ವಂಶದ ವಿಚಾರ. ಹೆಚ್ಚಿನ ಮನೆತನಗಳಲ್ಲಿ ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಿ. ಅಲ್ಲಿಯ ವಂಶವಾಹಿ ಪತ್ತೆಯಾದದ್ದು 1990ರಲ್ಲಿ. ದೋಷವುಳ್ಳ ತಾಯಿಯಿಂದ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಂಭವ ಅರ್ಧಕ್ಕರ್ಧ. ತಂದೆಯಿಂದಲಾದರೆ ಮಗನಿಗೆ ಬರುವುದೇ ಇಲ್ಲ, ಹೆಣ್ಣುಮಕ್ಕಳೆಲ್ಲರಿಗೂ ಬರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಇಂಥ ಗಂಡುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ 25ರೊಳಗೆ, ನೂರಕ್ಕೆ 90 ಮಂದಿಗೆ 40ರೊಳಗೆ ಮೂತ್ರಪಿಂಡ ಸೋಲುತ್ತದೆ. ಮತ್ತೊಂದು ಬಗೆಯಲ್ಲಿ ತಂದೆ ತಾಯಿ ಇಬ್ಬರಿಂದಲೂ ದೋಷ ಬಂದು ಕೂಡಬೇಕು. ಅಲ್ಲಿ ಹೆಣ್ಣುಮಕ್ಕಳೂ ಗಂಡುಮಕ್ಕಳಷ್ಟೇ ಬಳಲುತ್ತಾರೆ. ಅಕ್ಕನ ಮಗಳನ್ನು ತರುವ, ಸೋದರತ್ತೆಯ ಮಗನಿಗೆ ಕೊಡುವ ನಮ್ಮಲ್ಲಿ ಹೀಗೆ ಕೂಡುವ ಸಂಭವ ಹೆಚ್ಚು.

ತಾಯಿಯ ಕಡೆಯಿಂದ ಬಂದಿತೆಂದು ಸೊಸೆಯನ್ನು ಜರೆಯುವವರುಂಟು. ಅವಳಿಗೆ ಅವಳ ತಂದೆಯಿಂದಲೇ ಬಂದಿರಬಹುದು. ಕೆಲವೊಮ್ಮೆ ಹಿಂದೆಂದೂ ಇಲ್ಲದ ಮನೆತನದಲ್ಲಿ ಹೊಸದಾಗಿಯೂ ಹುಟ್ಟುತ್ತದೆ. ಜರೆಯುವವರು ಮರೆಯುವ ಇನ್ನೊಂದು ಮಾತೆಂದರೆ, ಅವಳೂ ರೋಗಿಯೇ. ಎಕ್ಸ್ ದೋಷವಿರುವ ಹೆಂಗಸರ ಮೂತ್ರದಲ್ಲಿಯೂ ಸಾಮಾನ್ಯವಾಗಿ ರಕ್ತಕಣಗಳಿರುತ್ತವೆ. ನೂರರಲ್ಲಿ 15ರಿಂದ 30 ಮಂದಿಗೆ 60ರೊಳಗೆ ಮೂತ್ರಪಿಂಡ ಸೋಲುತ್ತದೆ.

ಬುಡಸಮೇತ ಕೀಳುವ ಔಷಧ ಇನ್ನೂ ಇಲ್ಲ. ಆದರೆ ರಕ್ತದೊತ್ತಡಕ್ಕೆ ಕೊಡುವ ರಾಮಿಪ್ರಿಲ್‌ನಂಥ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಬೇಗನೆ ತೊಡಗಿದರೆ ಡಯಾಲಿಸಿಸ್ಸಿನ ದಿನ ಎಷ್ಟೋ ವರ್ಷ ಮುಂದಕ್ಕೆ ಹೋಗುತ್ತದೆ. ಗರ್ಭಿಣಿಯರು ಆ ಮಾತ್ರೆಯನ್ನು ತೆಗೆದುಕೊಳ್ಳಬಾರದು. ಕಿವಿಗೆ ಶ್ರವಣಯಂತ್ರ ಒದಗುತ್ತದೆ. ಉಬ್ಬಿದ ಮಸೂರವನ್ನು ಪೊರೆಯ ಶಸ್ತ್ರಚಿಕಿತ್ಸೆಯಂತೆಯೇ ಬದಲಾಯಿಸಬಹುದು.

ಬೇಗನೆ ತೊಡಗಬೇಕಾದರೆ ಬೇಗನೆ ತಿಳಿಯಬೇಕಷ್ಟೆ. ನಮ್ಮ ನೆಂಟರಿಷ್ಟರು ಎರಡು ಮೂರು ರಾಜ್ಯಗಳಲ್ಲಿ ಹಂಚಿಹೋದವರು. ಸೋದರಮಾವ ಸೊಲ್ಲಾಪುರದಲ್ಲಿ ಕಿಡ್ನಿ ಕೆಟ್ಟು ತೀರಿಕೊಂಡಿದ್ದರೆ, ಚಿಕ್ಕಮ್ಮನ ಮಗ ಬಿಜಾಪುರದಲ್ಲಿ ಕಿವುಡನಾಗಿದ್ದರೆ, ಇಬ್ಬರನ್ನೂ ಕಂಡ ವೈದ್ಯರು ಒಬ್ಬರೂ ಇರಲಾರರು. ಆದುದರಿಂದ ಅಜ್ಜಿಯನ್ನು ಕೇಳಿ, ತಾಯಿಯ ಕಡೆಯವರಲ್ಲಿ ಯಾರಿಗೆ ಕಿಡ್ನಿಯ ತೊಂದರೆ, ಯಾರಿಗೆ ಎಳವೆಯಲ್ಲಿ ಕಿವಿ ಮಂದ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ವೈದ್ಯರಿಗೆ ಕೊಡಿ. ಒಬ್ಬ ಹುಡುಗನಲ್ಲಿ ರೋಗ ಖಚಿತವಾದರೆ ತಾಯಿ, ಅಕ್ಕತಂಗಿಯರು, ಚಿಕ್ಕಮ್ಮ ದೊಡ್ಡಮ್ಮಂದಿರು ಎಲ್ಲರ ಮೂತ್ರವನ್ನೂ ಪರೀಕ್ಷಿಸಬೇಕು. ಸಣ್ಣ ಊರಿನ ಆಸ್ಪತ್ರೆಯಲ್ಲಿಯೂ ಆಗುವ ಪರೀಕ್ಷೆಯದು.

ಮೂತ್ರಪಿಂಡವನ್ನು ಬದಲಾಯಿಸಿದರೆ ಹೊಸದಕ್ಕೆ ಈ ರೋಗ ಮರಳಿ ಬಾರದು. ದಾನಕ್ಕೆ ಮೊದಲು ಮುಂದೆ ಬರುವವಳು ತಾಯಿ. ಅವಳ ಒಪ್ಪಿಗೆಗೆ ಸಹಿ ಪಡೆಯುವ ಮುನ್ನ ಅವಳ ಮೂತ್ರದಲ್ಲಿ ರಕ್ತವಿದೆಯೇ, ಉಳಿಯುವ ಒಂದರಲ್ಲಿ ಅವಳು ಕೊನೆಯವರೆಗೆ ಬಾಳಬಲ್ಲಳೇ ಎಂದು ವೈದ್ಯರನ್ನು ಕೇಳುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು.