ಎಸೆದ ಕಲ್ಲಿನ ಪಾಠವನ್ನು ಬಯಲಿನಲ್ಲೇ ಮಾಡೋಣ



ಗುಮ್ಮಳಾಪುರ, ತಳಿ, ಡೆಂಕಣಿಕೋಟೆ ಕಡೆಯ ನಮ್ಮ ಕನ್ನಡ ಮಾಧ್ಯಮದ ಹಲವು ಮಕ್ಕಳು ಹತ್ತನೆಯ ತರಗತಿ ಮುಗಿಸಿ ಹನ್ನೊಂದಕ್ಕೆ ತಮಿಳು ಇಲ್ಲವೇ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ. ಭೌತಶಾಸ್ತ್ರ ತೆಗೆದುಕೊಂಡವರಿಗೆ ಶುರುವಿನಲ್ಲೇ ಎದುರಾಗುವುದು ಎಸೆದ ವಸ್ತುವಿನ ಚಲನೆ. ಅಲ್ಲಿ ಭಾಷೆಯೂ ಹೊಸದು, ವಿಷಯವೂ ಹೊಸದು. ಮಗು ಸೂತ್ರವನ್ನು ಬಾಯಿಪಾಠ ಮಾಡಿ ಪಾರಾಗಲು ನೋಡುತ್ತದೆ. ಈ ಪಾಠದ ತಿರುಳನ್ನು ಎಂಟು-ಒಂಬತ್ತನೆಯ ತರಗತಿಯಲ್ಲೇ, ಕನ್ನಡದಲ್ಲೇ, ಸೂತ್ರವಿಲ್ಲದೆ ಕೊಡಬೇಕು ಎಂಬುದು ನನ್ನ ವಾದ. ನಾನು ಟಿ.ಸಿ.ಎಚ್., ಬಿ.ಎ. ಓದಿದವನು, ವಿಜ್ಞಾನ ಪದವೀಧರನಲ್ಲ. ಆದರೂ ಇದನ್ನು ಹೇಳಿಕೊಡಲು ನನಗೆ ಕಷ್ಟವಾಗಿಲ್ಲ.

ಮೊದಲು ಒಂದು ಪ್ರಶ್ನೆ ಕೇಳಿ ನೋಡಿ. ಕೈಬಿಟ್ಟ ಕಲ್ಲು ಗಾಳಿಯಲ್ಲಿ ಹೋಗುತ್ತಿರುವಾಗ ಅದರ ಮೇಲೆ ಯಾವ ಬಲ ಇದೆ? "ಎಸೆದ ಬಲ ಸಾರ್" ಎನ್ನುತ್ತಾರೆ. ದೊಡ್ಡವರೂ ಹಾಗೇ ಹೇಳುತ್ತಾರೆ! ಆದರೆ ಕೈ ಬಿಟ್ಟ ಮೇಲೆ ಕೈಯ ಬಲ ಮುಗಿಯಿತು. ಉಳಿದದ್ದು ಭೂಮಿಯ ಸೆಳೆತ, ಜೊತೆಗೆ ಗಾಳಿಯ ಅಲ್ಪಸ್ವಲ್ಪ ತಡೆ. ಮುಂದಕ್ಕೆ ಹೋಗುವ ವೇಗ ಮೊದಲೇ ಸಿಕ್ಕಿದೆ, ಅದು ಹಾಗೇ ಇರುತ್ತದೆ. ಕೆಳಕ್ಕೆ ಬೀಳುವುದು ಬೇರೆಯೇ ಲೆಕ್ಕ. ಈ ಎರಡೂ ಒಂದಕ್ಕೊಂದು ತೊಂದರೆ ಕೊಡದೆ ನಡೆಯುತ್ತವೆ. 1638ರಲ್ಲಿ ಗೆಲಿಲಿಯೋ ತನ್ನ ಪುಸ್ತಕದಲ್ಲಿ ಇದನ್ನೇ ತೋರಿಸಿ, ದಾರಿ ಪರವಲಯವಾಗುತ್ತದೆ ಎಂದ.

ನಂಬಿಸಲು ಎರಡು ನಾಣ್ಯ ಸಾಕು. ಮೇಜಿನ ಅಂಚಿನಿಂದ ಒಂದನ್ನು ಸುಮ್ಮನೆ ಬೀಳಿಸಿ, ಅದೇ ಕ್ಷಣ ಇನ್ನೊಂದನ್ನು ಅಡ್ಡಕ್ಕೆ ಚಿಮ್ಮಿಸಿ. ಮೇಜು 80 ಸೆಂಟಿಮೀಟರ್ ಎತ್ತರವಿದ್ದರೆ ಎರಡೂ ಸುಮಾರು 0.4 ಸೆಕೆಂಡಿನಲ್ಲಿ ನೆಲಕ್ಕೆ ಬರುತ್ತವೆ. ಮಕ್ಕಳು ಕಣ್ಣಿಗಿಂತ ಕಿವಿಯನ್ನು ನಂಬಲಿ, ಕೇಳುವುದು ಒಂದೇ ಸದ್ದು.

ಆಮೇಲೆ ಕ್ರಿಕೆಟ್. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ 45 ಡಿಗ್ರಿಗೆ ಎಸೆದ ಚೆಂಡು, ಗಾಳಿಯ ತಡೆ ಬಿಟ್ಟರೆ, 40 ಮೀಟರ್ ಹೋಗುತ್ತದೆ. 30 ಡಿಗ್ರಿಗೂ 60 ಡಿಗ್ರಿಗೂ ದೂರ ಒಂದೇ, ಸುಮಾರು 35 ಮೀಟರ್. ಆದರೆ ಮೊದಲನೆಯದು 2 ಸೆಕೆಂಡಿನಲ್ಲಿ ತಲುಪಿದರೆ ಎರಡನೆಯದಕ್ಕೆ ಸುಮಾರು 3.5 ಸೆಕೆಂಡು ಬೇಕು. ರನೌಟ್ ಮಾಡಬೇಕಾದ ಹುಡುಗ ತಗ್ಗಿಸಿ ಎಸೆಯುವುದು ಇದಕ್ಕೇ. ಅವನ ಕೈಗೆ ಗೊತ್ತಿರುವುದನ್ನು ನಾವು ಬಾಯಿಗೆ ತರಿಸಬೇಕು, ಅಷ್ಟೇ. ಹಾಗೆಂದು 45 ಡಿಗ್ರಿಯನ್ನು ವೇದವಾಕ್ಯ ಮಾಡಬೇಡಿ. ಗುಂಡು ಎಸೆತದಲ್ಲಿ ಗುಂಡು ಕೈಬಿಡುವುದೇ ಎರಡು ಮೀಟರ್ ಎತ್ತರದಿಂದ, ಹಾಗಾಗಿ ಅಲ್ಲಿ ಅದಕ್ಕಿಂತ ಕಡಿಮೆ ಕೋನವೇ ಲಾಭ.

ನಮ್ಮ ಹೊಸೂರು ಸೀಮೆಗೆ ಇನ್ನೊಂದು ಉದಾಹರಣೆ ಹತ್ತಿರದ್ದು. 1791ರಲ್ಲಿ ಇಂಗ್ಲಿಷರು ಹೊಸೂರನ್ನು ಹಿಡಿದ ಆ ಯುದ್ಧದಲ್ಲಿ ಟಿಪ್ಪುವಿನ ಸೈನ್ಯದ ಬಳಿ ಕಬ್ಬಿಣದ ಕೊಳವೆಯ ರಾಕೆಟ್‌ಗಳಿದ್ದವು. ಮದ್ದು ಉರಿಯುವವರೆಗೆ ಅದನ್ನು ತಳ್ಳುವ ಬಲ ಇರುತ್ತದೆ. ಮದ್ದು ಮುಗಿದ ಕ್ಷಣದಿಂದ ಅದೂ ಒಂದು ಎಸೆದ ಕಲ್ಲೇ! ಫಿರಂಗಿ ಗುಂಡಿಗೂ ರಾಕೆಟ್ಟಿಗೂ ವ್ಯತ್ಯಾಸ ಕೇಳಿದರೆ ಮಕ್ಕಳು ಇತಿಹಾಸದ ಪಾಠದಿಂದಲೇ ಭೌತಶಾಸ್ತ್ರಕ್ಕೆ ಬರುತ್ತಾರೆ.

ಇನ್ನು ಪದಗಳ ಮಾತು. ಕನ್ನಡ ಪುಸ್ತಕಗಳ 'ಉತ್ಕ್ಷೇಪಕ', 'ಪ್ರಕ್ಷೇಪಕ' ಕೇಳಿಯೇ ಮಗು ಅರ್ಧ ಹೆದರುತ್ತದೆ. ತಮಿಳಿನವರು 'ಎರಿಪೊರುಳ್' ಎನ್ನುತ್ತಾರೆ, ಎಸೆದ ವಸ್ತು ಎಂದೇ ಅರ್ಥ. ನಾವೂ ಮೊದಲು 'ಎಸೆದ ವಸ್ತು' ಎಂದೇ ಕಲಿಸಿ, ಆಮೇಲೆ ದೊಡ್ಡ ಪದ ಕೊಡೋಣ. ಪಕ್ಕದಲ್ಲಿ ತಮಿಳು, ಇಂಗ್ಲಿಷ್ ಪದಗಳನ್ನೂ ಬರೆಸೋಣ. ನಮ್ಮ ಪರವಲಯ ತಮಿಳಿನಲ್ಲೂ 'ಪರವಳೈಯಂ', ಗಡಿ ದಾಟಿದರೂ ಬದಲಾಗದ ಪದ.

ರಾಗಿ ಹೊಲ ಕಾಯುವ ಕವಣೆಯನ್ನೂ ಬಯಲಿಗೆ ತರಿಸಿ. ಬಿಟ್ಟ ಕಲ್ಲು ಸುತ್ತುತ್ತಲೇ ಹೋಗುತ್ತದೆಯೋ ನೇರ ಹೊರಡುತ್ತದೆಯೋ ಎಂದು ಮೊದಲು ಕೇಳಿ, ಆಮೇಲೆ ಬೀಸಿಸಿ. ಕಲ್ಲಿನ ಬದಲು ಬಟ್ಟೆಯ ಉಂಡೆ ಇರಲಿ, ಶಾಲೆಯ ಹೆಂಚುಗಳು ಉಳಿಯಬೇಕಲ್ಲ.