ಖಾಲಿ ಕುರ್ಚಿಗಳ ರಾಜಕಾರಣ

ಚೆನ್ನೈನ ಪೋರೂರಿನಲ್ಲಿ ನೆಲೆಸಿರುವ ಕನ್ನಡಿಗನಿಗೆ ಒಂದು ಚುಚ್ಚುಮಾತು ತಪ್ಪಿದ್ದಲ್ಲ. ಮಿತ್ರಪಕ್ಷಗಳಿಗೆ ‘ಆಟ್ಚಿಯಿಲ್ ಪಂಗು’, ಅಂದರೆ ಆಡಳಿತದಲ್ಲಿ ಪಾಲು, ಕೊಡಬೇಕೇ ಬೇಡವೇ ಎಂಬ ಚರ್ಚೆ ಎದ್ದರೆ ಸಾಕು, ಯಾರಾದರೊಬ್ಬರು ನಮ್ಮತ್ತ ತಿರುಗುತ್ತಾರೆ: ‘ಬೆಂಗಳೂರಿನಲ್ಲಿ ಏನಾಯಿತು ನೋಡಿದಿರಲ್ಲ ಸಾರ್?’ ನೋಡಿದ್ದೇವೆ. ಆದರೆ ಅಲ್ಲಿ ಕೆಟ್ಟಿದ್ದು ಮೈತ್ರಿಯಲ್ಲ, ಸಂಪುಟ ಕಟ್ಟಿದ ರೀತಿ.

2018ರ ಮೇ 23ರಂದು ಕರ್ನಾಟಕದ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರದಲ್ಲಿ ಪ್ರಮಾಣವಚನ ಸ್ವೀಕರಿಸಿದವರು ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಮತ್ತು ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಇಬ್ಬರೇ. ಉಳಿದ ಮಂತ್ರಿಗಳಿಗಾಗಿ ರಾಜ್ಯ ಜೂನ್ 6ರವರೆಗೆ ಕಾಯಬೇಕಾಯಿತು. ಹಣಕಾಸು ಯಾರಿಗೆ, ಇಂಧನ ಯಾರಿಗೆ ಎಂಬ ಜಗ್ಗಾಟ ಅಷ್ಟು ದಿನ ನಡೆಯಿತು. ಸದನದ ಬಲದ ಶೇ 15ರ ಮಿತಿಯಂತೆ ಒಟ್ಟು ಸ್ಥಾನ 34. ಕಾಂಗ್ರೆಸ್ಸಿಗೆ 22, ಜೆಡಿಎಸ್‌ಗೆ 12 ಎಂದು ಒಪ್ಪಂದ. ತುಂಬಿದ್ದು ಮಾತ್ರ 27. ಉಳಿದ ಏಳು ಮರೆವಿನಿಂದ ಉಳಿದವಲ್ಲ, ಅತೃಪ್ತರನ್ನು ಕಟ್ಟಿಹಾಕಲು ನೆಟ್ಟ ಗೂಟಗಳು.

ಗೂಟ ನಿಲ್ಲಲಿಲ್ಲ. ಡಿಸೆಂಬರ್ 22ರಂದು ಎಂಟು ಮಂದಿ ಒಳಬಂದರು, ರಮೇಶ್ ಜಾರಕಿಹೊಳಿ ಮತ್ತು ಆರ್. ಶಂಕರ್ ಹೊರಬಿದ್ದರು. ಮುಂದೆ ಸರ್ಕಾರದ ವಿರುದ್ಧ ಬಂಡೆದ್ದ ಶಾಸಕರ ಮುಂಚೂಣಿಯಲ್ಲಿದ್ದವರು ಇದೇ ರಮೇಶ್. ಶಂಕರ್ ಅವರನ್ನು 2019ರ ಜೂನ್ 14ರಂದು ಮತ್ತೆ ಕರೆದು ಮಂತ್ರಿ ಮಾಡಿದರು. ತಿಂಗಳು ತುಂಬುವ ಮೊದಲೇ ಅವರೂ ನಡೆದರು. ಡಿಸೆಂಬರಿನಲ್ಲಿ ಮಂತ್ರಿಯಾಗಿದ್ದ ಎಂ.ಟಿ.ಬಿ. ನಾಗರಾಜ್ ಕೂಡ ಉಳಿಯಲಿಲ್ಲ. ಕುರ್ಚಿ ಕೊಟ್ಟರೆ ನಿಷ್ಠೆ ಬರುತ್ತದೆಂಬ ಲೆಕ್ಕವೇ ತಪ್ಪು. ಜುಲೈ 23ರಂದು ವಿಶ್ವಾಸಮತದಲ್ಲಿ 99–105ರಿಂದ ಸರ್ಕಾರ ಬಿತ್ತು.

ಖಾತೆ ಹಂಚಿಕೆಯಂತೂ ಇನ್ನೊಂದು ಕಥೆ. ಚಾಮುಂಡೇಶ್ವರಿಯಲ್ಲಿ ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಅವರನ್ನೇ ಸೋಲಿಸಿ ಬಂದ, ಎಂಟನೇ ತರಗತಿ ಓದಿದ ಜಿ.ಟಿ. ದೇವೇಗೌಡರಿಗೆ ಉನ್ನತ ಶಿಕ್ಷಣ ಸಿಕ್ಕಿತು. ಓದು ಕಡಿಮೆ ಇರುವುದು ದೋಷವೇನಲ್ಲ. ಬೇಡವೆಂದು ಮುನಿಸಿಕೊಂಡವರ ಕೊರಳಿಗೆ ವಿಶ್ವವಿದ್ಯಾಲಯಗಳನ್ನೆಲ್ಲ ಕಟ್ಟಿದ್ದು ದೋಷ. ಸಂಪುಟದಲ್ಲಿದ್ದ ಒಬ್ಬರೇ ಮಹಿಳೆ ಜಯಮಾಲಾ. ಅವರಿಗೆ ಸಿಕ್ಕಿದ್ದರಲ್ಲಿ ಮಹಿಳಾ ಮತ್ತು ಮಕ್ಕಳ ಕಲ್ಯಾಣವೂ ಇತ್ತು. ಅದು ತಪ್ಪೀತೇ!

ಹಾಗಾದರೆ ಏಕಪಕ್ಷದ ಸಂಪುಟವೇ ಲೇಸೆ? ಇಲ್ಲಿಯವರು 2006ನ್ನು ನೆನಪಿಸುತ್ತಾರೆ. 234ರಲ್ಲಿ 96 ಸ್ಥಾನವಷ್ಟೇ ಇದ್ದ ಡಿಎಂಕೆ, 34 ಶಾಸಕರ ಕಾಂಗ್ರೆಸ್ಸಿಗೆ ಒಂದೂ ಮಂತ್ರಿಗಿರಿ ಕೊಡದೆ ಐದು ವರ್ಷ ಪೂರೈಸಿತು. ನಿಜ. ಆದರೆ ಆಗ ಡಿಎಂಕೆ ದೆಹಲಿಯಲ್ಲಿ ಕಾಂಗ್ರೆಸ್ ನೇತೃತ್ವದ ಸಂಪುಟದಲ್ಲಿ ಕೂತಿತ್ತು. ಚೌಕಾಸಿ ತಪ್ಪಿರಲಿಲ್ಲ, ಊರು ಬದಲಾಗಿತ್ತು ಅಷ್ಟೆ. ಇಲ್ಲಿಯ ಆಡಳಿತಕ್ಕೆ ಬೆಂಬಲ ಕೊಟ್ಟವರು ಅದರ ತಪ್ಪುಗಳಿಗೆ ಉತ್ತರ ಹೇಳಬೇಕಾಗಿರಲಿಲ್ಲ. ಅಧಿಕಾರ ಉಳಿಸುವವರು ಹೊಣೆಯನ್ನೂ ಹೊರಬೇಡವೇ?

ಪಾಲು ಕೊಡುವುದು ಈ ನಗರಕ್ಕೆ ಹೊಸದೂ ಅಲ್ಲ. 1952ರಲ್ಲಿ ಮದ್ರಾಸ್ ವಿಧಾನಸಭೆಯ 375 ಸ್ಥಾನಗಳಲ್ಲಿ ಕಾಂಗ್ರೆಸ್ ಗೆದ್ದದ್ದು 152. ಮುಖ್ಯಮಂತ್ರಿ ರಾಜಾಜಿಯವರು ಕಾಮನ್‌ವೀಲ್ ಪಕ್ಷದ ಮಾಣಿಕ್ಕವೇಲು ನಾಯ್ಕರ್ ಅವರನ್ನು ಮಂತ್ರಿ ಮಾಡಿಕೊಂಡರು. 

ಆದ್ದರಿಂದ ಪಾಲು ಕೇಳುವವರು ಕೇಳಲಿ, ಕೊಡುವವರು ಕೊಡಲಿ. ಯಾವ ಖಾತೆ, ಯಾವ ಕೆಲಸಕ್ಕಾಗಿ ಎಂಬುದನ್ನು ಬರೆದು ಜನರ ಮುಂದಿಡಲಿ. ಎಲ್ಲ ಸ್ಥಾನಗಳನ್ನೂ ಒಂದೇ ದಿನ ತುಂಬಲಿ. ತುಂಬದ ಸ್ಥಾನ ಆ ಅವಧಿಗೆ ರದ್ದಾಗಲಿ.